ಧೂಮಪಾನವನ್ನು ಬಿಟ್ಟವರ ಹಂಬಲದಲ್ಲಿ ತಾರತಮ್ಯವೇಕೆ?

ಒಂದೇ ಕಚೇರಿಯಲ್ಲಿ ಪಕ್ಕಪಕ್ಕದ ಮೇಜುಗಳಲ್ಲಿ ಕುಳಿತು ಬಹುಕಾಲ ಕೆಲಸ ಮಾಡಿದ ಇಬ್ಬರು ಗೆಳೆಯರು ಒಂದೇ ದಿನ ಸಿಗರೇಟನ್ನು ತ್ಯಜಿಸಿದರೆಂದು ಭಾವಿಸೋಣ. ಅವರಲ್ಲಿ ಒಬ್ಬನು ಎರಡು ಮೂರು ದಿನ ಕೊಂಚ ಸಿಡುಕಿ, ವಾರ ಕಳೆಯುವಷ್ಟರಲ್ಲಿ ತಾನು ಸೇದುತ್ತಿದ್ದೆನೆಂಬುದನ್ನೇ ಮರೆತವನಂತೆ ತನ್ನ ಪಾಡಿಗೆ ತಾನಿರುತ್ತಾನೆ. ಮತ್ತೊಬ್ಬನಿಗೆ ಮೊದಲ ರಾತ್ರಿಯೇ ನಿದ್ರೆ ಬಾರದು, ಮೂರನೆಯ ದಿನ ಕೈಗೆತ್ತಿಕೊಂಡ ಕಡತದ ಒಂದು ಪುಟದ ಮೇಲೂ ಮನಸ್ಸು ನಿಲ್ಲದು, ಮೂರು ತಿಂಗಳ ತರುವಾಯವೂ ಊಟ ಮುಗಿದೊಡನೆ ಕೈ ತಾನಾಗಿಯೇ ಜೇಬನ್ನು ತಡವುತ್ತದೆ. ನೋಡಿದವರು ಮೊದಲನೆಯವನನ್ನು ದೃಢಚಿತ್ತನೆಂದು ಕೊಂಡಾಡಿ, ಎರಡನೆಯವನನ್ನು ಮನೋದಾರ್ಢ್ಯವಿಲ್ಲದವನೆಂದು ಬದಿಗೊತ್ತುತ್ತಾರೆ. ಅವನಾದರೂ ಆ ತೀರ್ಪಿಗೆ ತಲೆಬಾಗಿ, ತನ್ನಿಂದ ಇದಾಗದೆಂದು ಕೈಚೆಲ್ಲಿ ಮತ್ತೆ ಬೆಂಕಿಪೊಟ್ಟಣಕ್ಕೆ ಶರಣಾಗುವುದುಂಟು. ಈ ತೀರ್ಪು ಅನ್ಯಾಯದ್ದು. ಇಬ್ಬರೂ ಬಿಟ್ಟದ್ದು ಒಂದೇ ಪದಾರ್ಥವನ್ನಾದರೂ, ಅವರು ಎದುರಿಸುತ್ತಿರುವ ಹಂಬಲ ಒಂದೇ ಅಲ್ಲವೆಂಬುದನ್ನು ಕಳೆದ ಕೆಲವು ದಶಕಗಳ ಶಾರೀರವಿಜ್ಞಾನವೂ ಮನಶ್ಶಾಸ್ತ್ರವೂ ಬಗೆಬಗೆಯಾಗಿ ತೋರಿಸಿಕೊಟ್ಟಿವೆ.

ಹೊಗೆಸೊಪ್ಪಿನ ಸಾರಭೂತವಾದ ನಿಕೋಟಿನ್ ಎಂಬ ವಸ್ತುವನ್ನು 1828ರಲ್ಲಿ ಹೈಡೆಲ್‌ಬರ್ಗಿನ ಪೊಸೆಲ್ಟ್ ಮತ್ತು ರೈಮನ್ ಎಂಬುವರು ಪ್ರತ್ಯೇಕಿಸಿದರು. ಹೊಗೆಯನ್ನು ಒಳಗೆಳೆದುಕೊಂಡ ಹತ್ತಿಪ್ಪತ್ತು ಸೆಕೆಂಡುಗಳೊಳಗಾಗಿ ಅದು ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಮೆದುಳಿಗೆ ತಲುಪಿ, ಅಲ್ಲಿ ಅಸೆಟೈಲ್‌ಕೋಲಿನ್ ಎಂಬ ಸ್ವಾಭಾವಿಕ ನರವಾಹಕಕ್ಕೆಂದು ಮೀಸಲಾಗಿರುವ ಗ್ರಾಹಕಗಳ ಮೇಲೆ ಕುಳಿತುಕೊಳ್ಳುತ್ತದೆ. ಅದರ ಫಲವಾಗಿ ಡೋಪಮಿನ್ ಎಂಬ ಮತ್ತೊಂದು ನರವಾಹಕ ಸ್ರವಿಸಿ, ಈಗ ಮಾಡಿದ ಕಾರ್ಯವನ್ನು ಮರಳಿ ಮಾಡಬೇಕೆಂಬ ಪ್ರೇರಣೆ ಮೆದುಳಿನಲ್ಲಿ ಬೇರೂರುತ್ತದೆ. ವರ್ಷಗಟ್ಟಲೆ ಇದು ನಡೆದಂತೆ ಆ ಗ್ರಾಹಕಗಳ ಸಂಖ್ಯೆಯೇ ಹೆಚ್ಚುತ್ತದೆ. ಸೇದುವುದನ್ನು ನಿಲ್ಲಿಸಿದಾಗ, ಹೆಚ್ಚಿಕೊಂಡಿರುವ ಈ ಗ್ರಾಹಕಗಳೆಲ್ಲ ಬರಿದಾಗಿ ಉಳಿಯುವುದರಿಂದಲೇ ಸಿಡುಕು, ಕಳವಳ, ನಿದ್ರಾಭಂಗ, ಅತಿಯಾದ ಹಸಿವು ಮೊದಲಾದ ಬಾಧೆಗಳು ತಲೆದೋರುತ್ತವೆ. ಅವು ಕೆಲವೇ ಗಂಟೆಗಳಲ್ಲಿ ಆರಂಭವಾಗಿ, ಬಹುಮಂದಿಗೆ ಮೊದಲ ಎರಡು ಮೂರು ದಿನಗಳಲ್ಲಿ ಉತ್ಕಟಾವಸ್ಥೆಯನ್ನು ಮುಟ್ಟಿ, ಎರಡರಿಂದ ನಾಲ್ಕು ವಾರಗಳಲ್ಲಿ ಶಮನಗೊಳ್ಳುತ್ತವೆ. ಗ್ರಾಹಕಗಳ ಸಂಖ್ಯೆ ಎಂದೂ ಸೇದದವರ ಮಟ್ಟಕ್ಕೆ ಇಳಿಯಲು ಸುಮಾರು 6ರಿಂದ 12 ವಾರ ಹಿಡಿಯುತ್ತದೆ. ಇದು ಸಾಮಾನ್ಯ ಕ್ರಮ. ಆದರೆ ಸಾಮಾನ್ಯ ಕ್ರಮಕ್ಕೆ ಸರಿಯಾಗಿ ಹೊಂದಿಕೊಳ್ಳುವ ಮನುಷ್ಯರು ವಿರಳ.

ತಾರತಮ್ಯದ ಮೊದಲ ಕಾರಣ ಮೆದುಳಿನಲ್ಲಿ ಅಲ್ಲ, ಯಕೃತ್ತಿನಲ್ಲಿದೆ ಎಂಬುದು ಅನೇಕರಿಗೆ ಆಶ್ಚರ್ಯವಾಗಿ ತೋರಬಹುದು. ರಕ್ತದಲ್ಲಿನ ನಿಕೋಟಿನ್ ಸರಾಸರಿ ಎರಡು ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಅದನ್ನು ಕೋಟಿನೈನ್ ಎಂಬ ಬೇರೊಂದು ವಸ್ತುವಾಗಿ ಪರಿವರ್ತಿಸುವ ಹೊಣೆಯನ್ನು ಬಹುಮಟ್ಟಿಗೆ ಹೊತ್ತಿರುವುದು ಯಕೃತ್ತಿನ ಸಿವೈಪಿ2ಎ6 ಎಂಬ ಕಿಣ್ವ. ಈ ಕಿಣ್ವದ ವೇಗವು ಆನುವಂಶಿಕ ಭೇದಗಳಿಂದಾಗಿ ಒಬ್ಬೊಬ್ಬರಲ್ಲಿ ಒಂದೊಂದು ತೆರನಾಗಿರುತ್ತದೆ. ದಪ್ಪ ಬತ್ತಿಯ ಹಣತೆಯಲ್ಲಿ ಎಣ್ಣೆ ಬೇಗ ತೀರುವಂತೆ, ಕಿಣ್ವವು ಚುರುಕಾಗಿರುವ ದೇಹದಲ್ಲಿ ನಿಕೋಟಿನ್ ಬೇಗನೆ ಕರಗಿಹೋಗುವುದರಿಂದ ಅಂಥವನು ದಿನಕ್ಕೆ ಹೆಚ್ಚು ಸಿಗರೇಟುಗಳನ್ನು ಸೇದುತ್ತಾನೆ, ಬಿಟ್ಟಾಗ ಹೆಚ್ಚು ತೀವ್ರವಾದ ಹಂಬಲಕ್ಕೆ ಒಳಗಾಗುತ್ತಾನೆ; ಕಿಣ್ವವು ಮಂದವಾಗಿರುವವನು ಸ್ವಲ್ಪದರಲ್ಲಿಯೇ ತೃಪ್ತನಾಗಿ, ಬಿಡುವಾಗಲೂ ಅಷ್ಟಾಗಿ ಬಳಲುವುದಿಲ್ಲ. ಈ ಕಿಣ್ವದ ಮಂದರೂಪಗಳು ಐರೋಪ್ಯ ಮೂಲದವರಿಗಿಂತ ಜಪಾನೀಯರಲ್ಲಿ ಗಣನೀಯವಾಗಿ ಹೆಚ್ಚು. ಸ್ತ್ರೀಯರಲ್ಲಿ ಈಸ್ಟ್ರೋಜೆನ್ ಎಂಬ ಹಾರ್ಮೋನಿನ ಪ್ರಭಾವದಿಂದ ನಿಕೋಟಿನ್ ಪುರುಷರಲ್ಲಿಗಿಂತ ಶೀಘ್ರವಾಗಿ ವಿಸರ್ಜಿತವಾಗುತ್ತದೆ. ಗರ್ಭನಿರೋಧಕ ಮಾತ್ರೆಗಳನ್ನು ಸೇವಿಸುವವರಲ್ಲಿ ಅದು ಇನ್ನೂ ಶೀಘ್ರ. ಗರ್ಭಿಣಿಯರಲ್ಲಂತೂ ಸುಮಾರು ನೂರಕ್ಕೆ 60ರಷ್ಟು ಅಧಿಕ. ಗರ್ಭಸ್ಥ ಶಿಶುವಿನ ಹಿತಕ್ಕಾಗಿ ತಂಬಾಕನ್ನು ಬಿಡಲೇಬೇಕಾದ ಕಾಲದಲ್ಲಿಯೇ ತಾಯಿಯ ದೇಹವು ಆ ಬಿಡುಗಡೆಯನ್ನು ಹೆಚ್ಚು ಕಷ್ಟಕರವಾಗಿಸುತ್ತದೆಯೆಂಬುದನ್ನು ಬಲ್ಲವರು, ಅಂಥ ಸ್ತ್ರೀಯನ್ನು ಗದರಿಸುವ ಮುನ್ನ ಎರಡು ಸಲ ಯೋಚಿಸಿಯಾರು.

ಈ ತಿಳಿವಳಿಕೆಯಿಂದ ಪ್ರಯೋಜನವೂ ಉಂಟಾಗಿದೆ. ರಕ್ತದಲ್ಲಿ ಕೋಟಿನೈನ್ ಮತ್ತು ಅದರಿಂದ ಮುಂದೆ ಹುಟ್ಟುವ ವಸ್ತುವಿನ ಪ್ರಮಾಣಗಳನ್ನು ಹೋಲಿಸಿ, ಒಬ್ಬನ ಕಿಣ್ವ ಶೀಘ್ರವೋ ಮಂದವೋ ಎಂದು ಹೇಳಬಹುದು. ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಕ್ಯಾರಿನ್ ಲರ್ಮನ್ ಮತ್ತು ಅವರ ಸಹೋದ್ಯೋಗಿಗಳು 1,246 ಮಂದಿಯನ್ನು ಹೀಗೆ ವರ್ಗೀಕರಿಸಿ ಚಿಕಿತ್ಸೆಗೊಳಪಡಿಸಿ, 2015ರಲ್ಲಿ ಅದರ ಫಲಿತಾಂಶವನ್ನು ಪ್ರಕಟಿಸಿದರು: ಕಿಣ್ವವು ಸಹಜ ವೇಗದ್ದಾಗಿದ್ದವರಿಗೆ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪಟ್ಟಿಗಿಂತ ವರೆನಿಕ್ಲಿನ್ ಎಂಬ ಮಾತ್ರೆಯೇ ಹೆಚ್ಚು ಸಹಾಯಕವಾಯಿತು, ಮಂದಗತಿಯವರಿಗಾದರೋ ಎರಡರಿಂದಲೂ ಸಮಾನ ಫಲ ದೊರೆತು, ಮಾತ್ರೆಯಿಂದ ತೊಂದರೆಗಳು ಮಾತ್ರ ಹೆಚ್ಚಾದವು. ಅಂದ ಮೇಲೆ ನಿಕೋಟಿನ್ ಪಟ್ಟಿಯನ್ನು ಅಂಟಿಸಿಕೊಂಡರೂ ಗುಣ ಕಾಣದವನು ತನ್ನನ್ನು ಹಳಿದುಕೊಳ್ಳಬೇಕಾಗಿಲ್ಲ.

ಮೆದುಳಿನೊಳಗೂ ಜನ್ಮಜಾತ ಭೇದಗಳಿಲ್ಲದೆ ಇಲ್ಲ. ಹದಿನೈದನೆಯ ವರ್ಣತಂತುವಿನಲ್ಲಿರುವ ಸಿಎಚ್ಆರ್‌ಎನ್‌ಎ5 ಎಂಬ ಜೀನು ನಿಕೋಟಿನ್ ಗ್ರಾಹಕದ ಒಂದು ಅಂಗವನ್ನು ರೂಪಿಸುತ್ತದೆ. ಅದರ ಒಂದು ರೂಪಾಂತರವುಳ್ಳವರು ಹೆಚ್ಚು ಸೇದುವವರಾಗುವ ಸಂಭವ ಅಧಿಕವೆಂದು 2008ರಲ್ಲಿ ಕಂಡುಬಂದಿತು. ನಿಕೋಟಿನ್ ಅತಿಯಾದಾಗ ಸಾಕೆಂದು ಜುಗುಪ್ಸೆ ಹುಟ್ಟಿಸುವ ಮೆದುಳಿನ ಸಂಕೇತ ಇಂಥವರಲ್ಲಿ ದುರ್ಬಲವಾಗಿರುತ್ತದೆಂಬುದಕ್ಕೆ ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಆಧಾರ ಸಿಕ್ಕಿದೆ. ಇದಕ್ಕೆ ವ್ಯತಿರಿಕ್ತವಾಗಿ, ವರ್ಷಾನುಗಟ್ಟಲೆ ದಿನಕ್ಕೆ ಐದಕ್ಕಿಂತ ಮಿಗಿಲಾಗಿ ಸೇದದೆ, ಇಲ್ಲದ ದಿನ ಯಾವ ಬಾಧೆಯನ್ನೂ ಅನುಭವಿಸದೆ ಇರುವ ಒಂದು ವರ್ಗದವರೂ ಉಂಟು. ಅಮೆರಿಕದ ಮನೋವಿಜ್ಞಾನಿ ಸಾಲ್ ಶಿಫ್ಮನ್ ಇವರನ್ನು ದೀರ್ಘಕಾಲ ಅಧ್ಯಯನ ಮಾಡಿದ್ದಾರೆ.

ಹಾಗಾದರೆ ಎಲ್ಲವೂ ಹುಟ್ಟಿನಿಂದ ಬಂದುದೇ ಎಂದು ಕೇಳಿದರೆ, ಅಲ್ಲವೆಂದು ಹೇಳಬೇಕಾಗುತ್ತದೆ. ಈ ವಿಷಯದಲ್ಲಿ ನನ್ನನ್ನು ಅತ್ಯಂತ ಗಾಢವಾಗಿ ಆಕರ್ಷಿಸಿದ ಸಂಶೋಧನೆಗಳು ಟೆಲ್ ಅವೀವ್ ವಿಶ್ವವಿದ್ಯಾನಿಲಯದ ರೂವೆನ್ ದಾರ್ ಮತ್ತು ಅವರ ಸಂಗಡಿಗರವು. ಧರ್ಮನಿಷ್ಠರಾದ ಯೆಹೂದ್ಯರು ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರದ ರಾತ್ರಿಯವರೆಗೆ ಸಬ್ಬತ್ ದಿನವನ್ನು ಆಚರಿಸುವಾಗ ಬೆಂಕಿಯನ್ನು ಹೊತ್ತಿಸುವಂತಿಲ್ಲವಾದುದರಿಂದ, ಅವರಲ್ಲಿ ಎಷ್ಟೇ ಹೆಚ್ಚು ಸೇದುವವರಾದರೂ ಆ ಒಂದು ದಿನ ಸೇದುವುದಿಲ್ಲ. ಗ್ರಾಹಕಗಳ ಲೆಕ್ಕವೊಂದನ್ನೇ ಹಿಡಿದರೆ ಶನಿವಾರದ ಬೆಳಗ್ಗೆ ಅವರು ಹಂಬಲದಿಂದ ತತ್ತರಿಸಬೇಕಾಗಿತ್ತು. ಆದರೆ ಅವರ ಹಂಬಲವೂ ಸಿಡುಕೂ, ಸಂಶೋಧಕರ ಕೋರಿಕೆಯಂತೆ ವಾರದ ಇನ್ನೊಂದು ದಿನ ಅಷ್ಟೇ ಕಾಲ ಸೇದದೆ ಇದ್ದಾಗಿನದಕ್ಕಿಂತ ಕಡಿಮೆಯಾಗಿಯೇ ಇದ್ದವು. ಇದರ ತರುವಾಯ, 2010ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ದಾರ್ ಮತ್ತು ಸಂಗಡಿಗರು ಧೂಮಪಾನಿಗಳಾದ ವಿಮಾನಪರಿಚಾರಕರನ್ನು ಪ್ರಯಾಣಕಾಲದಲ್ಲಿ ತಮ್ಮ ಹಂಬಲದ ಮಟ್ಟವನ್ನು ಆಗಾಗ ಗುರುತಿಸಿಡುವಂತೆ ಕೇಳಿಕೊಂಡರು. ಮೂರರಿಂದ ಐದೂವರೆ ಗಂಟೆಗಳ ಕಿರುಪ್ರಯಾಣವಾದರೂ, ಎಂಟರಿಂದ ಹದಿಮೂರು ಗಂಟೆಗಳ ದೀರ್ಘಪ್ರಯಾಣವಾದರೂ, ಹಂಬಲವು ಪರಾಕಾಷ್ಠೆಗೇರಿದುದು ವಿಮಾನ ಕೆಳಗಿಳಿಯುವ ಹೊತ್ತು ಸಮೀಪಿಸಿದಾಗ. ಕಿರುಪ್ರಯಾಣದ ಕೊನೆಯಲ್ಲಿ ಅವರಿಗಿದ್ದ ಹಂಬಲವು, ದೀರ್ಘಪ್ರಯಾಣದಲ್ಲಿ ಅಷ್ಟೇ ಗಂಟೆಗಳು ಕಳೆದು ಇನ್ನೂ ಆಕಾಶಮಧ್ಯದಲ್ಲಿಯೇ ಇದ್ದಾಗಿನ ಹಂಬಲಕ್ಕಿಂತ ಬಹಳ ಹೆಚ್ಚಾಗಿತ್ತು. ಸೇದಲು ಸಾಧ್ಯವೇ ಇಲ್ಲವೆಂದು ಮನಸ್ಸು ನಿಸ್ಸಂಶಯವಾಗಿ ಅರಿತಿರುವಾಗ ತುಡಿತ ಅಡಗಿರುತ್ತದೆ. ಇನ್ನೇನು ಸಿಕ್ಕೀತೆಂಬ ನಿರೀಕ್ಷೆ ಹುಟ್ಟಿದೊಡನೆ ಅದು ಹೆಡೆಯೆತ್ತುತ್ತದೆ.

ಈ ಫಲಿತಾಂಶಗಳನ್ನು ಮುಂದಿಟ್ಟುಕೊಂಡು ಹಂಬಲವೆಲ್ಲವೂ ಕೇವಲ ಮನಸ್ಸಿನ ಕಲ್ಪನೆಯೆಂದು ವಾದಿಸುವವರಿದ್ದಾರೆ. ಅಷ್ಟು ದೂರ ಹೋಗುವುದು ನನಗೆ ಸಮ್ಮತವಲ್ಲ. ಕಿಣ್ವದ ವೇಗವನ್ನು ಅಳೆದು ಹಂಬಲದ ತೀವ್ರತೆಯನ್ನು ಕೊಂಚಮಟ್ಟಿಗಾದರೂ ಮುಂಗಾಣಬಹುದಾಗಿರುವಾಗ ರಸಾಯನವನ್ನು ಅಲ್ಲಗಳೆಯುವುದೆಂತು? ಆದರೆ ದೇಹದ ಕೊರತೆಯಿಂದ ಹುಟ್ಟುವ ಹಂಬಲ ಒಂದು, ಸಂದರ್ಭದಿಂದ ಕೆರಳುವ ಹಂಬಲ ಮತ್ತೊಂದು. ಈ ಎರಡೂ ಬೆರೆಯುವ ಪ್ರಮಾಣ ಒಬ್ಬೊಬ್ಬನಲ್ಲಿ ಒಂದೊಂದು ರೀತಿ. ಎದ್ದ ಐದು ನಿಮಿಷದೊಳಗೆ ಸೇದಲೇಬೇಕಾದವನಲ್ಲಿ ಮೊದಲನೆಯದು ಪ್ರಬಲ. ಸ್ವೀಡನ್ನಿನ ಕಾರ್ಲ್ ಫಾಗರ್‌ಸ್ಟ್ರೋಮ್ 1978ರಲ್ಲಿ ರಚಿಸಿದ, 1991ರಲ್ಲಿ ಪರಿಷ್ಕೃತವಾದ ಪ್ರಶ್ನಾವಳಿಯ ಆರು ಪ್ರಶ್ನೆಗಳಲ್ಲಿ, ದಿನದ ಮೊದಲ ಸಿಗರೇಟು ಯಾವಾಗ ಎಂಬುದೇ ಅತ್ಯಂತ ಅರ್ಥವತ್ತಾದುದೆಂದು ಪರಿಗಣಿತವಾಗಿದೆ. ಬೆಳಗ್ಗೆ ಅದರ ನೆನಪೇ ಇಲ್ಲದೆ, ಸಂಜೆ ಗೆಳೆಯರ ನಡುವೆ ಮಾತ್ರ ಸೋಲುವವನಲ್ಲಿ ಎರಡನೆಯದು ಪ್ರಬಲ.

ಈ ಎರಡು ಬಗೆಯ ಹಂಬಲಗಳು ಒಂದೇ ಗತಿಯಲ್ಲಿ ಕ್ಷಯಿಸುವುದಿಲ್ಲವೆಂಬುದನ್ನು ಬಿಡುವವರಿಗೆ ಮುಂಚಿತವಾಗಿಯೇ ತಿಳಿಸತಕ್ಕದ್ದು. ದೇಹದ ಕೊರತೆಯಿಂದಾದ ಹಂಬಲವು ವಾರವಾರಕ್ಕೂ ಇಳಿಯುತ್ತ ಹೋಗುತ್ತದೆ; ಆದರೆ ಸಿಗರೇಟನ್ನೋ ಅದರ ಚಿತ್ರವನ್ನೋ ಕಂಡಾಗ ಕೆರಳುವ ಹಂಬಲವು, ಬಿಟ್ಟ ಮೊದಲ ತಿಂಗಳಲ್ಲಿ ಕೆಲವರಲ್ಲಿ ಇಳಿಯುವುದಿರಲಿ, ಏರುವುದೂ ಉಂಟೆಂದು 2011ರಲ್ಲಿ ಪ್ರಕಟವಾದ ಒಂದು ಪ್ರಯೋಗ ತೋರಿಸಿತು. ತಿಂಗಳು ಕಳೆದ ಮೇಲೆ ಮದುವೆಯ ಮನೆಯಲ್ಲಿಯೋ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿಯೋ ಒಮ್ಮೆಲೆ ಮೇಲೆರಗುವ ತುಡಿತವನ್ನು ಕಂಡು, ಇಷ್ಟು ದಿನಗಳ ಶ್ರಮವೆಲ್ಲ ವ್ಯರ್ಥವಾಯಿತೆಂದು ಭಾವಿಸುವವರು ಎಷ್ಟೋ ಮಂದಿ. ವ್ಯರ್ಥವಾಗಿಲ್ಲ. ಅಂಥ ಒಂದು ಅಲೆ ಸಾಮಾನ್ಯವಾಗಿ ಕೆಲವೇ ನಿಮಿಷಗಳದ್ದು, ಮತ್ತು ಆ ಅವಧಿಯಲ್ಲಿ ಬಿರುಸಾಗಿ ನಡೆದಾಡಿದರೆ ಅದರ ಉಗ್ರತೆ ತಗ್ಗುತ್ತದೆಂಬುದು ಪರೀಕ್ಷಿತವಾದ ಸಂಗತಿ.

ಕಾಫಿ ಪ್ರಿಯರಿಗೆ ಇಲ್ಲೊಂದು ಮಾತನ್ನು ಹೇಳಲೇಬೇಕು. ತಂಬಾಕಿನ ಹೊಗೆಯಲ್ಲಿರುವ ಕೆಲವು ಹೈಡ್ರೋಕಾರ್ಬನ್ನುಗಳು, ಕೆಫೀನನ್ನು ಕರಗಿಸುವ ಯಕೃತ್ತಿನ ಮತ್ತೊಂದು ಕಿಣ್ವವನ್ನು ಉತ್ತೇಜಿಸುತ್ತವೆ. ಹೊಗೆ ನಿಂತಾಗ ಆ ಉತ್ತೇಜನವೂ ನಿಲ್ಲುವುದರಿಂದ, ಎಂದಿನಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನಿನ ಮಟ್ಟ ಸುಮಾರು ಇಮ್ಮಡಿಯಾಗಬಹುದು. ಎದೆಬಡಿತ, ನಡುಕ, ನಿದ್ರೆಗೇಡುಗಳೆಲ್ಲವನ್ನೂ ಸಿಗರೇಟಿಲ್ಲದ ಸಂಕಟವೆಂದೇ ತಿಳಿದು ನರಳುವವರಲ್ಲಿ ಕೆಲವರು ವಾಸ್ತವವಾಗಿ ಕಾಫಿಯಿಂದ ನರಳುತ್ತಿರುತ್ತಾರೆ.

ಹಂಬಲದ ನೆಲೆ ಮೆದುಳಿನಲ್ಲಿ ಎಲ್ಲಿದೆಯೆಂಬ ಪ್ರಶ್ನೆಗೆ 2007ರಲ್ಲಿ ಅನಿರೀಕ್ಷಿತವಾದ ಕಡೆಯಿಂದ ಬೆಳಕು ಬಿದ್ದಿತು. ಪಾರ್ಶ್ವವಾಯು ಮೊದಲಾದ ಕಾರಣಗಳಿಂದ ಮೆದುಳಿಗೆ ಹಾನಿಯಾದ 69 ಧೂಮಪಾನಿಗಳನ್ನು ನಕ್ವಿ, ಬೆಕಾರಾ, ಡಮಾಸಿಯೊ ಮುಂತಾದ ಸಂಶೋಧಕರು ಪರಿಶೀಲಿಸಿದಾಗ, ದೇಹದ ಒಳಗಿನ ಸ್ಥಿತಿಗತಿಗಳನ್ನು ಅನುಭವಕ್ಕೆ ತರುವ ಇನ್ಸುಲಾ ಎಂಬ ಭಾಗಕ್ಕೆ ಪೆಟ್ಟು ಬಿದ್ದಿದ್ದ 19 ಮಂದಿಯಲ್ಲಿ 12 ಮಂದಿ ಯಾವ ಪ್ರಯಾಸವೂ ಇಲ್ಲದೆ, ಮತ್ತೆ ತುಡಿತವೇ ಹುಟ್ಟದ ರೀತಿಯಲ್ಲಿ ಸಿಗರೇಟನ್ನು ಬಿಟ್ಟಿದ್ದುದು ಕಂಡುಬಂದಿತು. ತುಡಿತವೆಂಬುದು ಮೆದುಳಿನ ಒಂದು ಕ್ರಿಯೆ, ಚಾರಿತ್ರ್ಯದ ಕಲಂಕವಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವನ್ನು ನಾನು ಕಾಣೆ.

ನಮ್ಮ ನಾಡಿನಲ್ಲಿ ಈ ವಿಚಾರ ಸಿಗರೇಟಿಗೆ ಮುಗಿಯುವುದಿಲ್ಲ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ನೂರಕ್ಕೆ 22.8 ಮಂದಿ ಒಂದಲ್ಲ ಒಂದು ರೂಪದಲ್ಲಿ ತಂಬಾಕನ್ನು ಬಳಸುತ್ತಿದ್ದರು. ಬೀಡಿಯು ಆರದಂತೆ ಮೇಲಿಂದ ಮೇಲೆ ಎಳೆಯಬೇಕಾದುದರಿಂದ, ಎಲೆಯೊಳಗೆ ಕಡಿಮೆ ತಂಬಾಕಿದ್ದರೂ ಸೇದುವವನಿಗೆ ನಿಕೋಟಿನ್ ಕಡಿಮೆಯಾಗುವುದಿಲ್ಲ. ಎಲೆಯಡಿಕೆಯೊಡನೆ ಹೊಗೆಸೊಪ್ಪನ್ನು ಅಗಿಯುವವರಲ್ಲಿ ಅದು ನಿಧಾನವಾಗಿ ಏರಿ ಬಹಳ ಹೊತ್ತು ನಿಲ್ಲುತ್ತದೆ. ಯಾರ ಸಹಾಯವೂ ಇಲ್ಲದೆ ಒಮ್ಮೆ ಬಿಟ್ಟವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಮಾತ್ರ ಆರು ತಿಂಗಳಿಂದ ವರ್ಷದವರೆಗೆ ಹಾಗೆಯೇ ಉಳಿಯುತ್ತಾರೆಂಬುದನ್ನು ನೆನೆದರೆ, ಸಹಾಯವನ್ನು ಕೇಳುವುದರಲ್ಲಿ ಯಾವ ಸಂಕೋಚಕ್ಕೂ ಎಡೆಯಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಭಾಗಿಯಾಗಿರುವ 1800-11-2356 ಎಂಬ ಉಚಿತ ದೂರವಾಣಿಯಲ್ಲಿ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ. ಚಿಕಿತ್ಸಕರು ಕೇಳುವ ಪ್ರಶ್ನೆಗಳಿಗೆ ಮುಚ್ಚುಮರೆಯಿಲ್ಲದೆ ಉತ್ತರಿಸುವುದು ಮುಖ್ಯ. ಏಕೆಂದರೆ ಎದ್ದ ಅರ್ಧ ಗಂಟೆಯೊಳಗೆ ಸೇದುವವನಿಗೆ 4 ಮಿಲಿಗ್ರಾಂ ನಿಕೋಟಿನ್ ಗಮ್, ಆಮೇಲೆ ಸೇದುವವನಿಗೆ 2 ಮಿಲಿಗ್ರಾಮಿನದು ಎಂದು ಪ್ರಮಾಣವನ್ನು ನಿರ್ಧರಿಸುವುದೇ ಆ ಉತ್ತರದಿಂದ. ಆ ಗಮ್ಮನ್ನಾದರೂ ಸಾಮಾನ್ಯ ಚೂಯಿಂಗ್ ಗಮ್ಮಿನಂತೆ ಎಡೆಬಿಡದೆ ಅಗಿಯಬಾರದು. ಚುರುಗುಟ್ಟುವವರೆಗೆ ಮೆಲ್ಲನೆ ಅಗಿದು, ಬಳಿಕ ಕೆನ್ನೆಯ ಒಳಬದಿಯಲ್ಲಿ ಒತ್ತಿಟ್ಟುಕೊಂಡಿದ್ದು, ಚುರುಕು ಇಳಿದ ಮೇಲೆ ಪುನಃ ಅಗಿಯಬೇಕು. ಕಾಫಿಯ ಆಮ್ಲಗುಣವು ಬಾಯಿಯಲ್ಲಿ ನಿಕೋಟಿನ್ ಹೀರಲ್ಪಡುವುದನ್ನು ತಡೆಯುವುದರಿಂದ, ಗಮ್ ಹಾಕಿಕೊಳ್ಳುವುದಕ್ಕೆ ಹದಿನೈದು ನಿಮಿಷ ಮುಂಚೆಯೇ ಲೋಟವನ್ನು ಕೆಳಗಿಟ್ಟಿರಬೇಕು.