ಕಂತೆ, ಬೊಂತೆ, ಕೌದಿ

'ಕಂತೆಗೆ ತಕ್ಕ ಬೊಂತೆ' ಎಂಬ ಗಾದೆಯನ್ನು ಬಳಸುವವರಲ್ಲಿ ಎಷ್ಟೋ ಮಂದಿಗೆ ಅದರ ಎರಡೂ ಪದಗಳು ಹಳೆಯ ಬಟ್ಟೆಗೆ ಸಂಬಂಧಿಸಿದವು ಎಂಬುದು ಮರೆತುಹೋಗಿದೆ. ಹರಕುಗಳನ್ನು ಸೇರಿಸಿ ಹೊಲಿದ ಹೊದಿಕೆಯೇ ಕಂತೆ, ಬೊಂತೆಯೂ ಅದೇ. ಸಂಸ್ಕೃತದ 'ಕಂಥಾ' ಕನ್ನಡದಲ್ಲಿ ಕಂತೆಯಾಗಿ ನೆಲೆಸಿತು. ಬಂಗಾಳದಲ್ಲಿ ಅದೇ ಒಂದು ಹೆಸರಾಂತ ಕಸೂತಿಯ ಹೆಸರಾಯಿತು. ಬೊಂತೆಯನ್ನು ತೆಲುಗರೂ ಬಲ್ಲರು. ಉತ್ತರ ಕರ್ನಾಟಕದ ಮನೆಮಾತಿನಲ್ಲಿ ಇದು ಕೌದಿ, ಮರಾಠಿಗರಿಗೆ ಗೋಧಡಿ. ಗಾದೆಯಲ್ಲಿ ಲೇವಡಿಯ ಧ್ವನಿಯಿದೆ. ಆದರೆ ಕೌದಿಯ ರಚನೆಯನ್ನು ಅರಿತವರು ಲೇವಡಿ ಮಾಡಲಾರರು.

ಕೌದಿಗೆ ಹೊಸ ಬಟ್ಟೆ ಒಗ್ಗುವುದಿಲ್ಲ. ಇಳಕಲ್ಲಿನ ನೂಲಿನ ಸೀರೆಯಾಗಲಿ, ಧೋತರವಾಗಲಿ ನೂರಾರು ಸಲ ಒಗೆದು ಗಂಜಿಯೆಲ್ಲ ಕಳೆದು ಮೆತ್ತಗಾದಾಗಲೇ ಅದು ಕೌದಿಯ ಹದಕ್ಕೆ ಬರುತ್ತದೆ. ಆಗ ಹಲವು ಪದರಗಳಲ್ಲಿಯೂ ಸೂಜಿ ಸಲೀಸಾಗಿ ಇಳಿಯುತ್ತದೆ. ಅಗಲವಾದ ಸೀರೆಯನ್ನು ಅಡಿಗೆ ಹಾಸಿ, ಹರಿದ ಅರಿವೆಗಳನ್ನು ನಡುವೆ ಹರಡಿ, ಬಣ್ಣಬಣ್ಣದ ತುಂಡುಗಳನ್ನು ಮೇಲೆ ಜೋಡಿಸುತ್ತಾರೆ. ಸೂಜಿಯು ಎಲ್ಲ ಪದರಗಳನ್ನೂ ಹಾದು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಮೂಡುತ್ತ ಸಾಲುಸಾಲಾಗಿ ಸಾಗುತ್ತದೆ. ಪದರಗಳ ನಡುವೆ ಸಿಕ್ಕಿದ ಗಾಳಿಯೇ ಬೆಚ್ಚಗಿನ ಗುಟ್ಟು. ಸಿಂಥೆಟಿಕ್ ಸೀರೆಯಿಂದ ಈ ಕೆಲಸ ಆಗದು: ಅದು ಸೂಜಿಯಡಿ ಜಾರುತ್ತದೆ, ಅಂಚು ಬಿಚ್ಚಿಕೊಳ್ಳುತ್ತದೆ, ಬೆವರನ್ನು ಹೀರುವುದಿಲ್ಲ.

ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರ ಕವಂದಿಯಲ್ಲಿ ಈ ಕಲೆ ತನ್ನದೇ ಆದ ಬೆಡಗನ್ನು ಪಡೆದಿದೆ. ಅವರ ಹೊಲಿಗೆ ಒಂದು ಮೂಲೆಯಿಂದ ಹೊರಟು ಅಂಚಿನುದ್ದಕ್ಕೂ ಸುತ್ತು ಹಾಕುತ್ತ ನಡುವಿಗೆ ಬಂದು ಮುಗಿಯುತ್ತದೆ. ಮೂಲೆಗಳಲ್ಲಿ ಚಿಕ್ಕ ಚೂರುಗಳನ್ನು ತ್ರಿಕೋನವಾಗಿ ಮಡಚಿ ಒಂದರ ಮೇಲೊಂದು ಕೂರಿಸುತ್ತಾರೆ. ಅದಕ್ಕೆ 'ಫೂಲ್' ಎಂದು ಹೆಸರು. ಫೂಲ್ ಇಲ್ಲದ ಕವಂದಿಯನ್ನು ಅವರು ಪೂರ್ಣವೆಂದು ಒಪ್ಪುವುದಿಲ್ಲ. ಬಡತನದ ವಸ್ತುವಿಗೆ ಅಲಂಕಾರವೇಕೆ ಎಂದು ಕೇಳುವವರು ಈ ಮೂಲೆಗಳನ್ನು ಒಮ್ಮೆ ನೋಡಬೇಕು.

ಕೌದಿಗೆ ಬಟ್ಟೆಯಷ್ಟೇ ಅಂಗಳವೂ ಬೇಕು. ಮುಂಬಯಿಗೆ ವಲಸೆ ಬಂದ ಕನ್ನಡಿಗ ಮೊದಲು ಕಳೆದುಕೊಂಡದ್ದು ಅದನ್ನೇ. 1920ರ ದಶಕದಲ್ಲಿ ಕಟ್ಟಿದ ಬಿ.ಡಿ.ಡಿ. ಚಾಳುಗಳ ಒಂದು ಖೋಲಿಯ ವಿಸ್ತಾರ 160 ಚದರ ಅಡಿ. ಪಾತ್ರೆ, ಟ್ರಂಕು, ಮಲಗುವ ಮಂದಿ ಎಲ್ಲರಿಗೂ ಅಷ್ಟೇ ಜಾಗವಿರುವಲ್ಲಿ ಸೀರೆಯನ್ನು ಉದ್ದಕ್ಕೆ ಹಾಸುವುದೆಲ್ಲಿ? ಹಳೆಯ ಬಟ್ಟೆ ಇಲ್ಲಿ ಬೇರೆ ದಾರಿ ಹಿಡಿಯಿತು. ವಾಘರಿ ಸಮುದಾಯದ ಹೆಂಗಸರು ಬಾಗಿಲಿಗೆ ಬಂದು, ಚೌಕಾಸಿ ಮಾಡಿ, ಬಟ್ಟೆಗೆ ಪ್ರತಿಯಾಗಿ ಸ್ಟೀಲು ಪಾತ್ರೆ ಕೊಡುತ್ತಾರೆ. ಕೊಂಡದ್ದನ್ನು ಸರಿಪಡಿಸಿ ಸಂತೆಯಲ್ಲಿ ಮಾರುತ್ತಾರೆ. ಇದೂ ಮರುಬಳಕೆಯೇ, ಅನೇಕರ ಅನ್ನದ ದಾರಿ. ಹರಿಯಾಣದ ಪಾಣಿಪತ್‌ನಲ್ಲಂತೂ ಹೊರದೇಶಗಳಿಂದ ಬಂದ ಹಳೆಯ ಉಣ್ಣೆಬಟ್ಟೆಯ ಗುಂಡಿ ಕಿತ್ತು, ಬಣ್ಣದ ಪ್ರಕಾರ ವಿಂಗಡಿಸಿ, ಯಂತ್ರದಲ್ಲಿ ಎಳೆಎಳೆಯಾಗಿ ಹರಿದು, ಮತ್ತೆ ನೂತು ಕಂಬಳಿ ನೇಯುತ್ತಾರೆ. ವಿಂಗಡಿಸಿದ ಬಣ್ಣವೇ ನೂಲಿಗೂ ಬರುವುದರಿಂದ ಹೊಸದಾಗಿ ಬಣ್ಣ ಕಟ್ಟುವ ಅಗತ್ಯ ಅಷ್ಟಾಗಿ ಇರುವುದಿಲ್ಲ. ಆದರೆ ಈ ಎರಡೂ ದಾರಿಗಳಲ್ಲಿ ಬಟ್ಟೆ ತನ್ನ ಮನೆಯವರನ್ನು ಬಿಟ್ಟು ಹೋಗುತ್ತದೆ. ಕೌದಿಯಲ್ಲಿ ಹಾಗಲ್ಲ. ಅಜ್ಜಿಯ ಸೀರೆಯ ಚೌಕಳಿ ಇದು, ಅಣ್ಣನ ಶಾಲೆಯ ಅಂಗಿ ಅದು ಎಂದು ಮಲಗಿದಲ್ಲಿಯೇ ಮಗು ಬೆರಳಿಟ್ಟು ತೋರಿಸಬಲ್ಲದು.

ಹೊಲಿಯಲು ಎಡೆಯಿಲ್ಲದಿದ್ದರೂ ಹೊದೆಯುವ ಆಸೆ ಬಿಡದ ಕುಟುಂಬಗಳು ರಜೆಯಲ್ಲಿ ಊರಿಗೆ ಹೋಗುವಾಗ ಹಳೆಯ ಬಟ್ಟೆಯ ಗಂಟನ್ನು ಒಯ್ದು, ಅಲ್ಲಿ ಕೂಲಿ ಕೊಟ್ಟು ಕೌದಿ ಹೊಲಿಸಿ ತರುವುದುಂಟು. ಆ ಗಂಟಿನಲ್ಲಿ ನೂಲಿನ ಸೀರೆ ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ.