ಬೇರಿನ ಗಂಟು ಹೇಳುವ ಸುದ್ದಿ

ಯುವ ಮಿತ್ರರೇ, ಈ ಸಲ ಗಣೇಶನ ಹಬ್ಬಕ್ಕೆ ಊರಿಗೆ ಹೋದರೆ ಒಂದು ಕೆಲಸ ಮಾಡಿ. ಹಿರಿಯರನ್ನು ಕೇಳಿ, ಹೊಲದಿಂದ ಒಂದು ಶೇಂಗಾ ಗಿಡವನ್ನು ಬೇರುಸಮೇತ ಮೆಲ್ಲಗೆ ಕೀಳಿ. ಬೇರಿನ ತುಂಬ ಸಾಸಿವೆ ಕಾಳಿನಂಥ ಗಂಟುಗಳಿರುತ್ತವೆ. ಅದು ರೋಗವಲ್ಲ. ಒಂದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪಾಗಿದ್ದರೆ ಕೆಲಸ ನಡೆದಿದೆ. ಹಸಿರೋ ಕಂದೋ ಆಗಿದ್ದರೆ ನಿಂತಿದೆ.

ಯಾವ ಕೆಲಸ? ಗಾಳಿಯಲ್ಲಿ ಶೇಕಡಾ 78ರಷ್ಟು ಸಾರಜನಕವಿದ್ದರೂ ಗಿಡ ಅದನ್ನು ನೇರವಾಗಿ ಉಣ್ಣಲಾರದು. ಗಂಟಿನೊಳಗೆ ಮನೆ ಮಾಡಿದ ರೈಜೋಬಿಯಂ ಬಳಗದ ಬ್ಯಾಕ್ಟೀರಿಯಾಗಳು ಅದನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ. ಪ್ರತಿಯಾಗಿ ಗಿಡ ಅವುಗಳಿಗೆ ಸಕ್ಕರೆ ಕೊಡುತ್ತದೆ. ಯೂರಿಯಾ ವಿಪರೀತ ಸುರಿದರೆ ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ. ಕುಳಿತಲ್ಲೇ ಊಟ ಸಿಗುವಾಗ ದುಡಿಯುವ ಗೊಡವೆ ಯಾರಿಗೆ ಬೇಕು?

ಫಲವತ್ತಾದ ಒಂದೇ ಗ್ರಾಂ ಮಣ್ಣಿನಲ್ಲಿ ಇಂಥ ಸೂಕ್ಷ್ಮಜೀವಿಗಳು ಕೋಟಿಗಟ್ಟಲೆ ಇವೆ. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಯಲ್ಲೂ ಅವುಗಳ ಪಾಲಿದೆ. ಸೆಗಣಿ, ತರಗೆಲೆ, ಸತ್ತ ಬೇರುಗಳೇ ಅವುಗಳ ಅನ್ನ. ಅವು ಸ್ರವಿಸುವ ಅಂಟು ಮಣ್ಣಿನ ಕಣಗಳನ್ನು ಕೂಡಿಸುವುದರಿಂದಲೇ ಮಳೆನೀರು ಹರಿದುಹೋಗದೆ ಇಂಗುತ್ತದೆ. ಕೂಳೆ ಸುಟ್ಟರೆ ಅವುಗಳ ಅನ್ನ ಸುಟ್ಟಂತೆ. ಪದೇ ಪದೇ ಉತ್ತರೆ ಬೇರಿಗೆ ರಂಜಕ ತಂದುಕೊಡುವ ಶಿಲೀಂಧ್ರದ ಎಳೆಗಳು ಹರಿಯುತ್ತವೆ.

ಹಾಗೆಂದು ರಾಸಾಯನಿಕ ಗೊಬ್ಬರವೇ ವಿಷವೆನ್ನಬೇಡಿ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು 1970ರಲ್ಲಿ ದೀರ್ಘಕಾಲದ ಗೊಬ್ಬರ ಪ್ರಯೋಗಗಳನ್ನು ಆರಂಭಿಸಿತು. ಕೆಂಪು ಮಣ್ಣಿನ ತಾಕುಗಳಿಗೆ ವರ್ಷಾನುಗಟ್ಟಲೆ ಬರೀ ಸಾರಜನಕ ಹಾಕಿದಾಗ ಮಣ್ಣು ಆಮ್ಲೀಯವಾಗಿ ಇಳುವರಿ ಕುಸಿಯಿತು. ಸಮತೋಲನದ ರಸಗೊಬ್ಬರದೊಂದಿಗೆ ಕೊಟ್ಟಿಗೆ ಗೊಬ್ಬರವನ್ನೂ ಕಂಡ ತಾಕುಗಳು ಚೆನ್ನಾಗಿ ಉಳಿದವು. ರಾಗಿಯ ನಡುವೆ ಅವರೆ, ತೊಗರಿ ಬಿತ್ತುವ ನಮ್ಮ ಅಕ್ಕಡಿ ಸಾಲಿನ ಜಾಣತನವೂ ಇದೇ ದಾರಿಯದು.

ಇದೆಲ್ಲ ಊರಲ್ಲಿರುವವರ ಚಿಂತೆ, ಪಟ್ಟಣದಲ್ಲಿ ಬೆಳೆದ ನಮಗೇನು ಎನ್ನುತ್ತೀರಾ? ನಮ್ಮಲ್ಲಿ ಎಷ್ಟೋ ಮನೆಗಳ ಹೊಲ ಇಂದು ಬೇರೆಯವರ ಪಾಲಿಗಿದೆ. ಕೊಟ್ಟಿಗೆ ಗೊಬ್ಬರದ ಪೂರ್ತಿ ಫಲ ಕೈಗೆ ಬರಲು ಎರಡು ಮೂರು ವರ್ಷ ಬೇಕು. ಮುಂದಿನ ವರ್ಷ ಹೊಲ ತನ್ನ ಕೈಯಲ್ಲಿರುವ ಭರವಸೆಯಿಲ್ಲದವನು ಅದನ್ನೇಕೆ ಹಾಕಿಯಾನು? ಅವನ ಯೂರಿಯಾ ಚೀಲಕ್ಕೆ ನಾವೂ ಕಾರಣರು.

ನಾಳೆ ಆ ಹೊಲದ ಪಹಣಿಯಲ್ಲಿ ನಿಮ್ಮ ಹೆಸರು ಬರಬಹುದು. ಹಬ್ಬಕ್ಕೆ ಹೋದಾಗ "ಈ ವರ್ಷ ಎಷ್ಟು ಬಂತು?" ಎಂದಷ್ಟೇ ಕೇಳಬೇಡಿ. "ಮಣ್ಣಿಗೆ ಏನು ಹಾಕಿದಿರಿ?" ಎಂದೂ ಕೇಳಿ. ಸಾಧ್ಯವಾದರೆ ಗೊಬ್ಬರದ ಖರ್ಚಿನಲ್ಲಿ ಪಾಲು ಕೊಡಿ, ನಾಲ್ಕು ವರ್ಷದ ಮಾತು ಕೊಡಿ. ಆಮೇಲೆ ಪ್ರತಿ ಹಬ್ಬಕ್ಕೂ ಒಂದು ಗಂಟು ಸೀಳಿ ನೋಡಿ.