ಮೊದಲ ಸರದಿ ಯಾರದು?

ಬಟವಾಡಿಯ ಬಿ.ಎಚ್. ರಸ್ತೆಯಲ್ಲಿ ಆಂಬುಲೆನ್ಸಿನ ಸದ್ದು ನಮಗೆ ಹೊಸದಲ್ಲ. ಅದು ಕಿವಿಗೆ ಬಿದ್ದೊಡನೆ ಶಿಲುಬೆಯ ಗುರುತು ಹಾಕಿಕೊಂಡು, ಒಳಗಿರುವ ಅಪರಿಚಿತ ಜೀವಕ್ಕಾಗಿ ಒಂದು ಕ್ಷಣ ಪ್ರಾರ್ಥಿಸುವ ಹಿರಿಯರು ನಮ್ಮ ಮನೆಗಳಲ್ಲಿದ್ದಾರೆ. ಒಂದರ ಹಿಂದೊಂದು ಆಂಬುಲೆನ್ಸ್ ಸಾಗಿದಾಗಲಂತೂ ಎದೆ ನಡುಗುತ್ತದೆ.

ಹೆದ್ದಾರಿಗಳು ಹಾದುಹೋಗುವ ಈ ಜಿಲ್ಲೆಯು ಅಂತಹ ದಿನಗಳನ್ನು ಕಂಡಿದೆ. 2020ರ ಮಾರ್ಚ್ 6ರ ನಸುಕಿನಲ್ಲಿ ಕುಣಿಗಲ್ ತಾಲ್ಲೂಕಿನಲ್ಲಿ ಎರಡು ಕಾರುಗಳು ಅಪ್ಪಳಿಸಿ, ಧರ್ಮಸ್ಥಳದಿಂದ ಮರಳುತ್ತಿದ್ದ ಯಾತ್ರಿಕರೂ ಸೇರಿ 12ಕ್ಕೂ ಹೆಚ್ಚು ಮಂದಿ ಮೃತರಾದರು. 2022ರ ಆಗಸ್ಟ್ 25ರಂದು ಶಿರಾ ತಾಲ್ಲೂಕಿನಲ್ಲಿ, ರಾಯಚೂರು ಕಡೆಯಿಂದ ಬೆಂಗಳೂರಿಗೆ ಕೂಲಿಗೆಂದು ಹೊರಟಿದ್ದವರ ವಾಹನ ಲಾರಿಗೆ ಬಡಿದು 9 ಮಂದಿ ಅಸುನೀಗಿದರು, ಅನೇಕರು ಗಾಯಗೊಂಡರು.

ವೈದ್ಯರು ಇಬ್ಬರು, ಗಾಯಾಳುಗಳು ಇಪ್ಪತ್ತು ಮಂದಿ. ಮೊದಲು ಯಾರನ್ನು ನೋಡಬೇಕು? ಈ ಪ್ರಶ್ನೆಗೆ ವೈದ್ಯಶಾಸ್ತ್ರವು ನೀಡುವ ಉತ್ತರವೇ 'ಟ್ರಯಾಜ್'. ವಿಂಗಡಿಸುವುದೆಂಬ ಅರ್ಥದ ಫ್ರೆಂಚ್ ಪದವಿದು. ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಡೊಮಿನಿಕ್ ಲಾರೆಯು ಗಾಯಾಳುವಿನ ಹುದ್ದೆಯನ್ನು ನೋಡದೆ ಗಾಯದ ತೀವ್ರತೆಯನ್ನು ನೋಡಿ ಸರದಿ ನಿರ್ಣಯಿಸಿದನು. ಇಂದು ನಾಲ್ಕು ಬಣ್ಣಗಳ ಚೀಟಿಗಳು ಆ ಕೆಲಸ ಮಾಡುತ್ತವೆ. ತಕ್ಷಣ ಚಿಕಿತ್ಸೆ ದೊರೆತರೆ ಉಳಿಯುವವರಿಗೆ ಕೆಂಪು, ಗಂಭೀರವಾದರೂ ಕೊಂಚ ಕಾಯಬಲ್ಲವರಿಗೆ ಹಳದಿ, ನಡೆದಾಡಬಲ್ಲವರಿಗೆ ಹಸಿರು, ಮೃತರಿಗೂ ಬದುಕುವ ಆಸೆ ಇಲ್ಲದವರಿಗೂ ಕಪ್ಪು. ಉಸಿರು, ನಾಡಿ, ಮಾತಿಗೆ ಓಗೊಡುವ ಶಕ್ತಿ, ಇಷ್ಟನ್ನು ಒಂದು ನಿಮಿಷದೊಳಗೆ ನೋಡಿ ಚೀಟಿ ಕಟ್ಟುತ್ತಾರೆ. ಸ್ಥಿತಿ ಬದಲಾಗಬಹುದಾದ್ದರಿಂದ ಮತ್ತೆ ಮತ್ತೆ ಪರೀಕ್ಷಿಸುತ್ತಾರೆ.

ಇಲ್ಲಿ ನಾವು ತಿಳಿಯಬೇಕಾದ ಸಂಗತಿಯೊಂದಿದೆ. ಅಪಘಾತವಾದಾಗ ಆಸ್ಪತ್ರೆಯನ್ನು ಮೊದಲು ತಲುಪುವವರು ಸಾಮಾನ್ಯವಾಗಿ ಅಲ್ಪ ಗಾಯದವರು. ಅವರು ನಡೆದೋ ಸಿಕ್ಕ ಗಾಡಿ ಹತ್ತಿಯೋ ಬಂದುಬಿಡುತ್ತಾರೆ. ಜೋರಾಗಿ ನರಳುವವನ ಉಸಿರು ಗಟ್ಟಿಯಾಗಿಯೇ ಇರುತ್ತದೆ. ಮೂಲೆಯಲ್ಲಿ ಸದ್ದಿಲ್ಲದೆ ಬಿಳಿಚಿಕೊಂಡವನ ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು. ಮೊದಲು ಬಂದವರಿಗೆ ಮೊದಲು ಎಂದರೆ, ಉಳಿಯಬೇಕಾದವನು ಉಳಿಯುವುದಿಲ್ಲ.

ಆದರೆ ಕೈ ಮುರಿದ ಮಗನನ್ನು ಬೆಂಚಿನ ಮೇಲೆ ಕೂರಿಸಿ, ತನಗಿಂತ ತಡವಾಗಿ ಬಂದವರನ್ನು ಒಳಗೆ ಒಯ್ಯುವುದನ್ನು ನೋಡುವ ತಾಯಿಗೆ ಇದು ಅನ್ಯಾಯವೆಂದೇ ತೋರುತ್ತದೆ. ಆ ನೋವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಕಳೆದುಹೋದ ಒಂದು ಕುರಿಗಾಗಿ ತೊಂಬತ್ತೊಂಬತ್ತನ್ನು ಬಿಟ್ಟುಹೋದ ಕುರುಬನ ಸಾಮತಿಯನ್ನು ನಾವೆಲ್ಲರೂ ಬಲ್ಲೆವು. ಹುಡುಕಿಹೋದ ಕುರುಬನನ್ನು ಕೊಂಡಾಡುತ್ತೇವೆ. ಕಾದುನಿಂತ ತೊಂಬತ್ತೊಂಬತ್ತನ್ನು ನೆನೆಯುವುದಿಲ್ಲ. ಅಪಾಯದಲ್ಲಿರುವವನಿಗಾಗಿ ನಮ್ಮ ಸರದಿಯನ್ನು ಬಿಟ್ಟುಕೊಡುವುದೂ ಪರಪ್ರೇಮವೇ.

ಹಾಗಾದರೆ ಕಪ್ಪು ಚೀಟಿಯವನ ಗತಿ? ಕೊನೆಯುಸಿರಿನಲ್ಲಿರುವವನನ್ನು ಕೈಬಿಡಲು ಯಾವ ಚೀಟಿಯೂ ಅನುಮತಿ ನೀಡುವುದಿಲ್ಲ. ಶಸ್ತ್ರಚಿಕಿತ್ಸೆಯ ಮೇಜು ಅವನಿಗೆ ದೊರೆಯದಿರಬಹುದು. ನೋವು ನಿವಾರಣೆ, ಹಿಡಿದುಕೊಳ್ಳಲು ಒಂದು ಕೈ, ರೋಗಿಗಳ ಅಭ್ಯಂಗ ಸಂಸ್ಕಾರ, ಇವು ದೊರೆಯಲೇಬೇಕು. ರೋಗಿಗಳ ಪಾಲಕ ಸಂತ ಕಮಿಲ್ಲುಸರು 16ನೇ ಶತಮಾನದಲ್ಲಿ ಸ್ಥಾಪಿಸಿದ ಸಭೆಯವರು ಎದೆಯ ಮೇಲೆ ಕೆಂಪು ಶಿಲುಬೆ ಧರಿಸಿ, ಸಾಯುವವರ ಬಳಿಯೂ ಕುಳಿತು ಸೇವೆ ಸಲ್ಲಿಸಿದರು.

ಆದುದರಿಂದ ಕುಟುಂಬಗಳಲ್ಲಿ ನಮ್ಮದೊಂದು ಬಿನ್ನಹ. ಅಪಘಾತ ಕಂಡಾಗ 108ಕ್ಕೆ ಕರೆ ಮಾಡಿ. ನೆರವಾದವರಿಗೆ ಕಿರುಕುಳವಾಗದಂತೆ 2019ರ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ ರಕ್ಷಣೆ ನೀಡಿದೆ, ಅಂಜದಿರಿ. ಆಸ್ಪತ್ರೆಯ ಬಾಗಿಲಲ್ಲಿ ಗುಂಪುಗೂಡದಿರಿ, ಪರಿಚಯದ ಬಲದಿಂದ ಸರದಿ ಮುರಿಯದಿರಿ. ಕಾಯುತ್ತಿರುವ ನಿಮ್ಮವರ ಸ್ಥಿತಿ ಬಿಗಡಾಯಿಸಿದರೆ ಮಾತ್ರ ತಡಮಾಡದೆ ದಾದಿಗೆ ತಿಳಿಸಿ.

ಮುಂದಿನ ಬಾರಿ ಆ ಸದ್ದು ಕೇಳಿದಾಗ ಒಳಗಿರುವವರಿಗಾಗಿ ಪ್ರಾರ್ಥಿಸೋಣ. ಜೊತೆಗೆ, ಬಾಗಿಲಲ್ಲಿ ನಿಂತು ಚೀಟಿ ಕಟ್ಟಬೇಕಾದ ವೈದ್ಯರಿಗಾಗಿಯೂ, ಬೆಂಚಿನ ಮೇಲೆ ಕಾಯುವ ಆ ತಾಯಿಗಾಗಿಯೂ.